ಕೈಗೆಟಕದ ಸ್ವಿಚ್ಚು, ಅಡುಗೆಮನೆಯ ಅಪಾಯ

ಮೂರು ದಶಕಗಳ ಹಿಂದೆ ಮಧ್ಯಮವರ್ಗದ ಅಡುಗೆಮನೆಯಲ್ಲಿ ಮಿಕ್ಸಿ, ಹೆಚ್ಚೆಂದರೆ ಒಂದು ಫ್ರಿಜ್ಜು ಇರುತ್ತಿತ್ತು. ಇಂದು ಇಂಡಕ್ಷನ್ ಒಲೆ, ಓವನ್, ಚಿಮಣಿ, ಪಾತ್ರೆ ತೊಳೆಯುವ ಯಂತ್ರಗಳೂ ಅಲ್ಲಿ ನೆಲೆಯೂರಿವೆ. ಆದರೆ ಅವಘಡದ ಕ್ಷಣದಲ್ಲಿ ಇವುಗಳ ವಿದ್ಯುತ್ತನ್ನು ಕಡಿಯುವುದು ಹೇಗೆ ಎಂಬ ಬಗ್ಗೆ ನಾವು ಯೋಚಿಸಿದ್ದು ಕಡಿಮೆ.

ಮಾಡ್ಯುಲರ್ ಅಡುಗೆಮನೆಯ ಅಂದಕ್ಕಾಗಿ ಸ್ವಿಚ್ಚು, ಸಾಕೆಟ್ಟುಗಳು ಕಪಾಟುಗಳ ಹಿಂದೆ ಮರೆಯಾಗುತ್ತಿವೆ. ಓವನ್ ಹೊಗೆಯುಗುಳಿದರೆ ಅದನ್ನೇ ಹೊರಗೆಳೆಯದೆ ಪ್ಲಗ್ ಸಿಗದು. ಒಲೆಯ ನೇರ ಹಿಂದಿರುವ ಸ್ವಿಚ್ಚನ್ನು ಮುಟ್ಟಲು ಬೆಂಕಿಯ ಮೇಲೆಯೇ ಕೈ ಚಾಚಬೇಕು.

ಮೋಟಾರು ಮುಂತಾದ ಉಪಕರಣಗಳ ಪಕ್ಕದಲ್ಲೇ, ಅದರ ಹೊಣೆ ಹೊತ್ತವರು ಸುಲಭವಾಗಿ ಬಳಸುವಂತೆ, ವಿದ್ಯುತ್ತನ್ನು ಪೂರ್ಣವಾಗಿ ಕಡಿಯುವ ಸ್ವಿಚ್ ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಗೃಹಬಳಕೆಯ ಒಲೆಯ ಹಿಂಬದಿಯ ಪ್ಲಗ್ಗನ್ನೂ ಕಡಿತ ಸಾಧನವೆಂದು ಒಪ್ಪುತ್ತದೆ; ಆದರೆ ಕೆಳಗಿನ ಡ್ರಾಯರ್ ತೆಗೆದರೆ ಅದು ಮುಂಭಾಗದಿಂದಲೇ ಕೈಗೆ ಸಿಗಬೇಕೆಂಬ ಷರತ್ತಿನೊಂದಿಗೆ. ಎರಡರ ತಾತ್ಪರ್ಯವೂ ಒಂದೇ: ಯಂತ್ರ ಬಳಸುವವರ ಕೈಗೆ ಸ್ವಿಚ್ ಎಟಕಬೇಕು. ಅಡುಗೆಮನೆಯಲ್ಲಿ ಆ ಕೈ ಗೃಹಿಣಿಯದು, ಮನೆಗೆಲಸದವಳದು, ಕೆಲವೊಮ್ಮೆ ವೃದ್ಧರದು.

ಎಂಸಿಬಿ ಇದೆಯಲ್ಲ ಎಂಬ ನೆಮ್ಮದಿಯೂ ಅರೆಬರೆಯಾದದ್ದು. ಅದು ಮುಖ್ಯವಾಗಿ ತಂತಿಗಳನ್ನು ಕಾಯುತ್ತದೆ. 16 ಆಂಪಿಯರಿನ ಎಂಸಿಬಿ ಮಿತಿಮೀರಿದ ಹೊರೆಗೆ ಇಲ್ಲವೇ ಶಾರ್ಟ್ ಸರ್ಕ್ಯೂಟಿಗೆ ಮಾತ್ರ ಸ್ಪಂದಿಸುತ್ತದೆ. ಮನುಷ್ಯನ ಪ್ರಾಣಕ್ಕೆ ಆಂಪಿಯರಿನ ಸಣ್ಣದೊಂದು ಭಾಗವೇ ಸಾಕು. ಸುಮಾರು 30 ಮಿಲಿಆಂಪಿಯರ್ ಸೋರಿಕೆಗೇ ಸರಬರಾಜನ್ನು ಕಡಿಯುವ ಸಾಧನ ಆರ್‌ಸಿಸಿಬಿ. ಇನ್ನು, ನಮ್ಮ ಸಾಮಾನ್ಯ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಉಪಕರಣದೊಳಗೆ ವಿದ್ಯುತ್ ಉಳಿದಿರುತ್ತದೆ. ದುರಸ್ತಿಗೆ ಮುನ್ನ ಪ್ಲಗ್ ಕೀಳಬೇಕೆನ್ನುವುದು ಇದೇ ಕಾರಣಕ್ಕೆ.

ಭೂಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಕಡ್ಡಾಯಗೊಳಿಸಿದರೂ, ಮೂಲದಲ್ಲಿ 5 ಕಿಲೊವಾಟ್‌ಗಿಂತ ಕಡಿಮೆ ಹೊರೆಯ ಮನೆಗಳಿಗೆ ವಿನಾಯಿತಿ ಇತ್ತು. ಅದರ ಸ್ಥಾನದಲ್ಲಿ 2023ರಲ್ಲಿ ಬಂದ ನಿಯಮಾವಳಿಯೂ ಈ ರಕ್ಷಣೆಯನ್ನು ಕೈಬಿಟ್ಟಿಲ್ಲ. ಹಾಗಿದ್ದರೂ ಹಳೆಯ ಮನೆಗಳ ಫಲಕಗಳು ಬದಲಾಗಿಲ್ಲ.

ಮೂಲ ಸಮಸ್ಯೆ ಬೇರೆಯೇ ಇದೆ. ಸಾಮಾನ್ಯ ಮನೆಗೆ ಸಂಪರ್ಕ ದೊರೆಯುವುದು ಪರವಾನಗಿ ಪಡೆದ ಗುತ್ತಿಗೆದಾರನ ಪರೀಕ್ಷಾ ವರದಿಯ ಮೇಲೆ. ಅಡುಗೆಮನೆ ರೂಪ ಪಡೆಯುವುದು ಆ ನಂತರ, ಬಡಗಿ ಮತ್ತು ಒಳಾಂಗಣ ವಿನ್ಯಾಸಕರ ಕೈಯಲ್ಲಿ. 2,000 ವಾಟ್‌ನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಾಕೆಟ್ಟಿಗೆ ತಗುಲಿಸಿದರೂ ಕೇಳುವವರಿಲ್ಲ. ಬಾಡಿಗೆ ಮನೆಯಲ್ಲಂತೂ ಹೊಣೆ ಮಾಲೀಕನದೋ ಬಾಡಿಗೆದಾರನದೋ ಎಂಬುದೇ ಇತ್ಯರ್ಥವಾಗುವುದಿಲ್ಲ.

ದೇಶದಲ್ಲಿ 2021ರಲ್ಲಿ ವಿದ್ಯುದಾಘಾತಕ್ಕೆ ಬಲಿಯಾದವರು 12 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಇವೆಲ್ಲ ಅಡುಗೆಮನೆಯ ಸಾವುಗಳಲ್ಲ, ನಿಜ. ಆದರೆ ಮನೆಯೊಳಗಿನ ಸಾವುಗಳನ್ನು ತಡೆಯುವ ಉಪಾಯ ದುಬಾರಿಯೇನಲ್ಲ. ಸಂಪರ್ಕದ ಹೊರೆ ಹೆಚ್ಚಿಸುವಾಗಲೆಲ್ಲ ಮರುಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕು. ಬಾಡಿಗೆ ಕರಾರಿನಲ್ಲಿ ಆರ್‌ಸಿಸಿಬಿಯ ಪ್ರಸ್ತಾಪ ಇರಬೇಕು. ಗ್ರಾನೈಟಿನ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ಸ್ವಿಚ್ಚಿನ ಜಾಗಕ್ಕಾಗಿ ಐದು ನಿಮಿಷ ಕೊಡಲಾರೆವೇ?