ಗೃಹಾರೋಗ್ಯ ವಿಚಾರ: ಅಸ್ಥಿರಂಧ್ರತೆ

ಮೊಣಕಾಲು ನೋಯುವ ವೃದ್ಧರನ್ನು ಕಂಡರೆ “ಮೂಳೆ ಸವೆದಿದೆ” ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಅಲ್ಲಿ ಸವೆಯುವುದು ಮುಖ್ಯವಾಗಿ ಕೀಲಿನೊಳಗಣ ಮೃದ್ವಸ್ಥಿ. ಈ ತಿಂಗಳ ವಿಷಯವಾದ ಅಸ್ಥಿರಂಧ್ರತೆಯು ಬೇರೆಯೇ ಆದ ವ್ಯಾಧಿ. ಇದಕ್ಕೆ ಅಸ್ಥಿಸೌಷಿರ್ಯವೆಂಬ ಹೆಸರೂ ಉಂಟು. ಸುಷಿರವೆಂದರೆ ರಂಧ್ರ, ಕೊಳಲು ಸುಷಿರವಾದ್ಯವಾದುದೂ ಇದರಿಂದಲೇ. ಮೂಳೆಯೊಳಗಣ ಜಾಲರಿಯು ತೆಳುವಾಗಿ, ರಂಧ್ರಗಳು ಹಿಗ್ಗಿ, ಅಲ್ಪ ಪೆಟ್ಟಿಗೂ ಅದು ಮುರಿಯುವುದು. ಮುರಿಯುವ ತನಕ ನೋವೆಂಬುದಿಲ್ಲ.

ಅಸ್ಥಿಯು ಕಲ್ಲಿನಂತೆ ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಜೀವಕಣಗಳೂ ಹೊಸದನ್ನು ಕಟ್ಟುವ ಜೀವಕಣಗಳೂ ಅದರಲ್ಲಿ ಹಗಲಿರುಳು ದುಡಿಯುತ್ತಿರುವುವು. ಸುಮಾರು 30ರ ಪ್ರಾಯದ ವರೆಗೆ ಕಟ್ಟುವುದು ಹೆಚ್ಚು. ಅನಂತರ ಮೆಲ್ಲಮೆಲ್ಲನೆ ಕರಗುವುದು ಹೆಚ್ಚು. ಸ್ತ್ರೀಯರಲ್ಲಿ ಋತುಸ್ರಾವವು ನಿಂತ ಬಳಿಕ ಈಸ್ಟ್ರೋಜನ್ ಎಂಬ ರಸವು ಇಳಿದು, ಮೊದಲ ಕೆಲವು ವರ್ಷ ಈ ನಷ್ಟವು ತೀವ್ರವಾಗುವುದು. ಪುರುಷರೂ ಇದಕ್ಕೆ ಹೊರತಲ್ಲ. ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿದವರಿಗೂ ಧೂಮಪಾನಿಗಳಿಗೂ ಅಪಾಯವು ಅಧಿಕ.

ಅಜ್ಜಿಯ ಬೆನ್ನು ಬಾಗಿದರೆ ಮುಪ್ಪಿನ ಧರ್ಮವೆಂದು ಸುಮ್ಮನಾಗುತ್ತೇವೆ. ಅನೇಕ ವೇಳೆ ಅದು ಬೆನ್ನೆಲುಬಿನ ಮಣಿಗಳು ಸದ್ದಿಲ್ಲದೆ ಕುಸಿದುದರ ಫಲ. ನಮ್ಮ ಬೀದಿಯ ಹಿರಿಯ ಗೃಹಿಣಿಯೊಬ್ಬರು ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಕಟ್ಟು ಹಾಕಿಸಿದರು, ಮೂಳೆ ಕೂಡಿತು. ನಿಂತಲ್ಲಿಂದ ಬಿದ್ದಮಾತ್ರಕ್ಕೆ ಕೈ ಮುರಿದುದೇಕೆಂದು ಒಬ್ಬರೂ ವಿಚಾರಿಸಲಿಲ್ಲ. ಮೂರನೆಯ ವರ್ಷ ಬಚ್ಚಲಿನಲ್ಲಿ ಬಿದ್ದಾಗ ತೊಡೆಮೂಳೆಯ ಕತ್ತೇ ಮುರಿಯಿತು. ಆ ತಾಯಿ ಮತ್ತೆ ಊರುಗೋಲಿಲ್ಲದೆ ನಡೆದದ್ದಿಲ್ಲ. 50 ದಾಟಿದವರಿಗೆ ಇಂಥ ಮುರಿತವಾದಾಗ, ಕಟ್ಟು ಬಿಚ್ಚುವುದರೊಳಗಾಗಿಯೇ ಡೆಕ್ಸಾ ಪರೀಕ್ಷೆಯ ಮಾತನ್ನು ವೈದ್ಯರಲ್ಲಿ ಎತ್ತತಕ್ಕದ್ದು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಅಳತೆಯಂತೆ, ಟಿ-ಅಂಕವು −2.5 ಅಥವಾ ಅದಕ್ಕೂ ಕೆಳಗಿದ್ದರೆ ಇದೇ ವ್ಯಾಧಿ.

ಆಹಾರದಲ್ಲಿ ನಮ್ಮ ನಾಡು ಪುಣ್ಯಮಾಡಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ವಯಸ್ಕರಿಗೆ ದಿನಕ್ಕೆ 1,000, ಋತುಸ್ರಾವ ನಿಂತವರಿಗೆ 1,200 ಮಿಲಿಗ್ರಾಂ ಬೇಕು. ಮುದ್ದೆಯನ್ನು ಹೀನವೆಂದು ಬಿಟ್ಟು ಬಿಳಿಯ ಅನ್ನಕ್ಕೆ ಮನಸೋತವರನ್ನು ಕಂಡು ನನಗೆ ಮರುಕವಾಗುತ್ತದೆ. ಈ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವವು ಬೇಕು. ಅದಕ್ಕೆ ಬಿಸಿಲು ಚರ್ಮಕ್ಕೆ ನೇರವಾಗಿ ತಾಗಬೇಕು. ನಡಿಗೆ, ಮೆಟ್ಟಿಲೇರುವುದು ಮುಂತಾದ, ಮೂಳೆಯು ಮೈಭಾರ ಹೊರುವ ವ್ಯಾಯಾಮವೂ ಅವಶ್ಯ.

ವ್ಯಾಧಿಯು ನಿಶ್ಚಯವಾದ ಮೇಲೆ ಕ್ಯಾಲ್ಸಿಯಂ ಮಾತ್ರೆಯೊಂದನ್ನೇ ನಂಬಿ ಕೂರಬಾರದು. ಅಸ್ಥಿಯು ಕರಗುವುದನ್ನು ತಡೆಯುವ ಔಷಧಗಳಿವೆ: ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೋಲೆಡ್ರೋನಿಕ್ ಆಮ್ಲ. ಆಯ್ಕೆಯು ವೈದ್ಯರದು. ಅಲೆಂಡ್ರೊನೇಟನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ತುಂಬ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ಸೇವಿಸದೆ ಇರತಕ್ಕದ್ದು. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣಾದೀತು. ಎದ್ದೊಡನೆ ಕಾಫಿಗೆ ಹಂಬಲಿಸುವವರಿಗೆ ಇದೊಂದು ತಪಸ್ಸೇ ಸರಿ. ಹಲ್ಲು ಕೀಳಿಸುವ ಮುನ್ನ ಈ ಔಷಧದ ಸಂಗತಿಯನ್ನು ದಂತವೈದ್ಯರಿಗೆ ತಿಳಿಸಬೇಕು.

ಇನ್ನು ಮನೆಯ ಯಜಮಾನರು ಈ ವಾರವೇ ಮಾಡಬಹುದಾದುದು: ಬಚ್ಚಲಿನ ಪಾಚಿಯನ್ನು ಉಜ್ಜಿಸಿ, ಗೋಡೆಗೆ ಗಟ್ಟಿಯಾದ ಹಿಡಿಯೊಂದನ್ನು ಹಾಕಿಸುವುದು; ಹಿರಿಯರು ರಾತ್ರಿ ಏಳುವ ದಾರಿಯಲ್ಲಿ ಸಣ್ಣ ದೀಪವಿಡುವುದು; ತುಂಬಿದ ಕೊಡವನ್ನು ಅವರು ಬಗ್ಗಿ ಎತ್ತದಂತೆ ನೋಡಿಕೊಳ್ಳುವುದು.