‘ಬರೀ ಥಿಯರಿ’ ಎಂಬ ತಳ್ಳುಮಾತು

“ಕಾಡು ಕಡಿದರೆ ರೋಗ ಬರುತ್ತದೆಂಬುದು ಬರೀ ಥಿಯರಿ, ಸಾಬೀತಾದ ನಿಯಮವಲ್ಲ.” ಅರಣ್ಯದ ಕುರಿತ ಸಭೆಗಳಲ್ಲಿ ಇಂಥ ಮಾತು ಆಗಾಗ ಕೇಳಿಬರುತ್ತದೆ. ಕಾಡಿನ ಪರವಾಗಿ ನಿಂತವರಾದರೋ, ಆವೇಶದಲ್ಲಿ, ವಿಜ್ಞಾನ ಅದನ್ನು ಎಂದೋ ಸಿದ್ಧಪಡಿಸಿದೆ ಎಂದುಬಿಡುತ್ತಾರೆ. ಊಹೆ, ಸಿದ್ಧಾಂತ, ನಿಯಮ ಎಂಬ ಮೂರು ಪದಗಳನ್ನು ಇಬ್ಬರೂ ಕಲಸಿಹಾಕಿದ್ದಾರೆ.

ಹಾನಗಲ್ಲಿನ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಜನರೂ ಜ್ವರದಿಂದ ಮಲಗಿದರು. ಭಾರತದಲ್ಲಿ ಎಂದೂ ಕಾಣದ ಹಳದಿಜ್ವರ ಬಂದಿತೇ ಎಂಬುದು ಪುಣೆಯ ವೈರಾಣು ಸಂಶೋಧನಾ ಕೇಂದ್ರದವರ ಮೊದಲ ಶಂಕೆ. ಅದು ಊಹೆ. ಪರೀಕ್ಷೆಯಲ್ಲಿ ತಪ್ಪೆಂದು ತೀರ್ಮಾನವಾಗಬಲ್ಲ ಊಹೆಯಾದ್ದರಿಂದಲೇ ಅದಕ್ಕೆ ಬೆಲೆ. ಸಿಕ್ಕ ವೈರಾಣು ಬೇರೆಯೇ ಆಗಿತ್ತು, ರಷ್ಯಾದ ಉಣುಗುಜ್ವರದ ವೈರಾಣುವಿನ ಬಳಗದ್ದು. ವಲಸೆ ಹಕ್ಕಿಗಳು ಅದನ್ನು ಸೈಬೀರಿಯಾದಿಂದ ತಂದವೆಂಬ ಇನ್ನೊಂದು ಊಹೆಗೂ ಗಟ್ಟಿ ಸಾಕ್ಷ್ಯ ದೊರೆಯಲಿಲ್ಲ.

ಉಳಿದು ಬೆಳೆದದ್ದು ಉಣುಗಿನ ಕಥೆ. ಎಳೆಯ ಉಣುಗು ಮನುಷ್ಯನನ್ನು ಕಚ್ಚುತ್ತದೆ. ಬೆಳೆದ ಉಣುಗು ದನಗಳ ಮೈಮೇಲೆ ರಕ್ತ ಹೀರಿ ಸಂತತಿ ಹೆಚ್ಚಿಸಿಕೊಳ್ಳುತ್ತದೆ. ಮಂಗ ಸತ್ತಾಗ ಅದರ ಮೈಯ ಉಣುಗುಗಳು ಅಲ್ಲೇ ನೆಲಕ್ಕಿಳಿಯುತ್ತವೆ. ರೋಗ ಬೇಸಿಗೆಯಲ್ಲೇ ಏಕೆ ಏರುತ್ತದೆ, ಸೌದೆ-ದರಗು ತರುವವರಿಗೇ ಏಕೆ ತಗಲುತ್ತದೆ ಎಂಬುದನ್ನೆಲ್ಲ ಒಟ್ಟಿಗೆ ವಿವರಿಸುವ ಈ ಕಟ್ಟಡವೇ ಸಿದ್ಧಾಂತ. ಸತ್ತ ಮಂಗದ ಸುತ್ತಮುತ್ತ ಸುಳಿಯಬೇಡಿರೆಂಬ ಎಚ್ಚರಿಕೆಯ ಬುಡ ಇರುವುದು ಈ ‘ಬರೀ ಥಿಯರಿ’ಯಲ್ಲೇ.

ನಿಯಮದ ಕೆಲಸ ಬೇರೆ. ದುಂಡಸಿಯಂಥ ಊರಿನ ರೈತನಿಗೆ ಗೋವಿನಜೋಳದ ಉದಾಹರಣೆ ಸಾಕು. ಸತುವಿನ ಕೊರತೆಯಿಂದ ಎಳೆಯ ಎಲೆಯಲ್ಲಿ ಬಿಳಿಪಟ್ಟೆ ಮೂಡಿದ ಹೊಲಕ್ಕೆ ಎಷ್ಟು ಯೂರಿಯಾ ಸುರಿದರೂ ಇಳುವರಿ ಏರದು. ಅತಿ ಕೊರತೆಯಾದ ಪೋಷಕಾಂಶವೇ ಇಳುವರಿಯ ಮಿತಿ ಎಂಬುದು 19ನೆಯ ಶತಮಾನದಲ್ಲಿ ಲೀಬಿಗ್ ಪ್ರಚಾರಕ್ಕೆ ತಂದ ಕನಿಷ್ಠ ನಿಯಮ. ಏನಾಗುತ್ತದೆಂದು ಅದು ಹೇಳುತ್ತದೆ. ಏಕೆಂದು ಹೇಳಲು ಸಸ್ಯಶರೀರದ ಸಿದ್ಧಾಂತ ಬೇಕು. ಪೋಷಕಾಂಶಗಳು ಪರಸ್ಪರ ಪ್ರಭಾವಿಸುವಲ್ಲಿ ಆ ನಿಯಮವೂ ಸಡಿಲವಾಗುತ್ತದೆ. ಸಿದ್ಧಾಂತಕ್ಕೆ ವಯಸ್ಸಾದರೆ ನಿಯಮವಾಗಿ ಬಡ್ತಿ ಸಿಗುವುದಿಲ್ಲ. ಇದು ಸರಕಾರಿ ನೌಕರಿಯಲ್ಲ.

ಹಾಗಾದರೆ ಕಾಡು ಕಡಿದದ್ದೇ ಮಂಗನ ಕಾಯಿಲೆಗೆ ಕಾರಣವೇ? ಕಾಡು ಸವರಿ ದನ ಮೇಯಿಸಿದ್ದರಿಂದ ಉಣುಗು ಹೆಚ್ಚಿತೆಂದು ಬೊಷೆಲ್ 1969ರಲ್ಲೇ ವಾದಿಸಿದ್ದರು. ಕಾಡೂ ತೋಟವೂ ಬೆರೆತ, ದನಗಳು ಹೆಚ್ಚಿರುವ ಪ್ರದೇಶದಲ್ಲಿ ಅಪಾಯ ಹೆಚ್ಚೆಂದು 2020ರ ಅಧ್ಯಯನವೊಂದು ತೋರಿಸಿತು. ಇದು ಬಲವಾದ ಆಧಾರವುಳ್ಳ ಊಹೆ. ಉಣುಗಿನ ಸಿದ್ಧಾಂತದಷ್ಟು ಗಟ್ಟಿಯಲ್ಲ. ಹೀಗೆಂದು ಒಪ್ಪಿಕೊಂಡರೆ ಕಾಡಿನ ಪರವಾದ ವಾದಕ್ಕೆ ನಷ್ಟವೇನೂ ಇಲ್ಲ. ಯಾವ ದಿಣ್ಣೆಯಲ್ಲಿ, ಯಾವ ತಿಂಗಳಲ್ಲಿ ಮಂಗ ಸತ್ತಿತು, ಅಲ್ಲಿ ಕಾಡು ಎಷ್ಟು ಉಳಿದಿತ್ತು ಎಂದು ಊರಿನ ವಿದ್ಯಾರ್ಥಿಗಳು ವರ್ಷವರ್ಷವೂ ದೂರದಿಂದಲೇ ಕಂಡು ಬರೆದಿಟ್ಟರೆ, ಆ ಊಹೆಯನ್ನು ಒರೆಗೆ ಹಚ್ಚಲು ಬೇಕಾದ ಲೆಕ್ಕ ಸಿಗುತ್ತದೆ.