ವೈದ್ಯರಿಗೂ ಮಾತು ಕಲಿಸಬೇಕೆ?

“ರೋಗಿಯೊಡನೆ ಹೇಗೆ ಮಾತನಾಡಬೇಕೆಂಬುದನ್ನು ಕಾಲೇಜಿನಲ್ಲಿ ಕಲಿಸಲು ಬರುವುದಿಲ್ಲ ಸಾರ್, ಅದು ಮನೆಯ ಸಂಸ್ಕಾರದಿಂದ ಬರಬೇಕು” ಎಂದು ವೈದ್ಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ವಾದಿಸಿದರು. ಅವರ ಮೇಲೆ ನನಗೆ ಅಭಿಮಾನವಿದೆ. ಅವರ ವಾದವನ್ನು ಮಾತ್ರ ಒಪ್ಪಲಾರೆ.

ಉಪಾಧ್ಯಾಯರ ಬಗೆಗೂ ಇದೇ ಮಾತನ್ನು ಹೇಳುತ್ತಿದ್ದರು. ಒಳ್ಳೆಯ ಮೇಷ್ಟ್ರು ಹುಟ್ಟಿನಿಂದಲೇ ಮೇಷ್ಟ್ರು ಎಂದು. ಆದರೂ ಬಿ.ಎಡ್. ತರಗತಿಯಲ್ಲಿ ನಮ್ಮನ್ನು ಹಾಗೆಯೇ ಬಿಡಲಿಲ್ಲ. ಅಭ್ಯಾಸಪಾಠದ ದಿನ ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಮಕ್ಕಳಿಗೆ ಬೆನ್ನುಹಾಕಿ ಕಪ್ಪುಹಲಗೆಯೊಡನೆ ಮಾತನಾಡುವುದು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ತಾನೇ ಹೇಳಿಬಿಡುವುದು, ಇವೆಲ್ಲ ಅವರ ಪುಸ್ತಕದಲ್ಲಿ ದಾಖಲಾಗುತ್ತಿದ್ದವು. ಸಂಸ್ಕಾರ ಮನೆಯಿಂದ ಬರಬಹುದು. ಕಸಬು ಅಭ್ಯಾಸದಿಂದಲೇ ಬರಬೇಕು. ಇಂದು ರೋಗಿಯ ಮುಖ ನೋಡದೆ ಕಂಪ್ಯೂಟರಿನ ಪರದೆಯೊಡನೆ ಮಾತನಾಡುವ ವೈದ್ಯರ ಹಿಂದೆ ಅಂಥ ಮೇಲ್ವಿಚಾರಕರು ಎಂದಾದರೂ ಕುಳಿತಿದ್ದರೆ?

ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬುವರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗಿ ತನ್ನ ತೊಂದರೆ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲೇ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರೆಂದು ಕಂಡುಬಂದಿತು. ಹದಿನೆಂಟು ಸೆಕೆಂಡಿನಲ್ಲಿ ನಮ್ಮ ಹಳ್ಳಿಯ ಹೆಂಗಸೊಬ್ಬಳು ಸಂಕೋಚ ಬಿಟ್ಟು ‘ಬಿಳಿ ಹೋಗ್ತದೆ’ ಎಂದು ಹೇಳಿಯಾಳೆ? ‘ಸಂಕಟ’ ಎಂದಾಗ ಅದು ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ ಎಂದು ಕೇಳಿ ತಿಳಿಯಲು ತಾಳ್ಮೆ ಬೇಕು, ಕನ್ನಡವೂ ಬೇಕು.

ನಮ್ಮ ಬಂಧುವೊಬ್ಬರಿಗೆ ರಕ್ತದೊತ್ತಡಕ್ಕೆ ಒಂದು ತಿಂಗಳ ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆ ಮುಗಿಯಿತು, ತಲೆನೋವೂ ಇರಲಿಲ್ಲ, ಕಾಯಿಲೆ ವಾಸಿಯಾಯಿತೆಂದು ಅವರು ನಿಲ್ಲಿಸಿಬಿಟ್ಟರು. ನಿಲ್ಲಿಸಬಾರದೆಂದು ಅವರಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಕೆಲವು ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು. ಚೀಟಿಯಲ್ಲಿ ಬರೆದ ಔಷಧ ಸರಿಯಾಗಿಯೇ ಇತ್ತು. ಕೊರತೆಯಾದದ್ದು ಎರಡು ವಾಕ್ಯಗಳದು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು ಮನೋಭಾವ, ನೀತಿ, ಸಂವಹನಗಳ ಪಠ್ಯಭಾಗವೊಂದನ್ನು ರೂಪಿಸಿ, 2019ರಲ್ಲಿ ಸೇರಿದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಂದ ಮೊದಲುಗೊಂಡು ಜಾರಿಗೆ ತಂದಿತು. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದನ್ನು ಮುಂದುವರಿಸಿತು. ಸಂತೋಷ. ಆದರೆ ‘ಕೆಟ್ಟ ಸುದ್ದಿಯನ್ನು ರೋಗಿಗೆ ತಿಳಿಸುವ ಹಂತಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಪೂರ್ಣಾಂಕ ಪಡೆದವನು ಆ ಸುದ್ದಿಯನ್ನು ಬಾಗಿಲಲ್ಲಿ ನಿಂತೇ ಹೇಳಿ ಹೊರಟುಹೋಗಬಲ್ಲ. ಈಜಿನ ಬಗ್ಗೆ ಪ್ರಬಂಧ ಬರೆಸಿ ಈಜು ಬಲ್ಲನೆಂದು ತೀರ್ಮಾನಿಸಬಹುದೆ?

ಇನ್ನು ಪ್ರವೇಶದ ವಿಚಾರ. ನೀಟ್ ಪರೀಕ್ಷೆಯಲ್ಲಿ ಇರುವುದು ಭೌತ, ರಸಾಯನ, ಜೀವಶಾಸ್ತ್ರಗಳು. ಕೊಟ್ಟ ನಾಲ್ಕರಲ್ಲಿ ಒಂದನ್ನು ಆರಿಸುವುದಷ್ಟೇ ಕೆಲಸ. ಒಂದು ಪೂರ್ಣ ವಾಕ್ಯವನ್ನೂ ಬರೆಯಬೇಕಾಗಿಲ್ಲ. ‘ಕನ್ನಡಕ್ಕೆ ಪಾಸಾದರೆ ಸಾಕು’ ಎಂದು ಮಕ್ಕಳಿಗೆ ಉಪದೇಶಿಸುವ ತಂದೆತಾಯಿಯರೇ, ನಾಳೆ ಆ ಮಗುವಿನ ಎದುರು ಕುಳಿತುಕೊಳ್ಳುವ ರೋಗಿ ಯಾವ ಭಾಷೆಯಲ್ಲಿ ನರಳುತ್ತಾನೆ?

ಹೊರರೋಗಿ ವಿಭಾಗದಲ್ಲಿ ನೂರು ಜನ ಸಾಲು ನಿಂತಿರುವಾಗ ಕೇಳುತ್ತ ಕೂರಲು ಸಾಧ್ಯವೆ ಎನ್ನುವಿರಿ. ಕಷ್ಟ ನಿಜ; ವೈದ್ಯರ ಸಂಖ್ಯೆ ಹೆಚ್ಚಬೇಕೆಂಬುದೂ ನಿಜ. ಆದರೆ ಅರ್ಥವಾಗದೆ ಹೋದ ರೋಗಿ ರೋಗ ಹೆಚ್ಚಿಸಿಕೊಂಡು ಅದೇ ಸಾಲಿಗೆ ಮರಳುತ್ತಾನೆ. ‘ನಾನು ಹೇಳಿದ್ದನ್ನು ಒಮ್ಮೆ ನೀವೇ ಹೇಳಿ ನೋಡೋಣ’ ಎಂದು ಕೇಳಲು ಹಿಡಿಯುವುದು ಅರ್ಧ ನಿಮಿಷ. ತರಗತಿಯಲ್ಲಿ ನಾವು ದಿನವೂ ಮಾಡುತ್ತಿದ್ದ ಕೆಲಸವಿದು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ವಿದ್ಯಾರ್ಥಿ ರೋಗಿಯೊಡನೆ ಕನ್ನಡದಲ್ಲಿ ಮಾತನಾಡುವುದನ್ನು ಹಿರಿಯರೊಬ್ಬರು ಕುಳಿತು ನೋಡಲಿ, ತಿದ್ದಲಿ, ಸರಿಯಾಗುವವರೆಗೆ ಉತ್ತೀರ್ಣಗೊಳಿಸದಿರಲಿ. ಆ ಹಿರಿಯರು ವಾರ್ಡಿನಲ್ಲಿ ಆಯಾಗಳ ಮೇಲೆ, ರೋಗಿಗಳ ಮೇಲೆ ರೇಗುವುದನ್ನು ಮೊದಲು ಬಿಡಲಿ. ಕಿರಿಯರು ಕಲಿಯುವುದು ನೋಡಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ರೋಗವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಇಟ್ಟರು. ವೈದ್ಯರಾಗಿರುವ ನನ್ನ ಶಿಷ್ಯರೆಲ್ಲ ಇದಕ್ಕೆ ಉತ್ತರ ಬರೆಯಿರಿ. ಬರೆಯುವ ಮೊದಲು ನಾಳೆಯ ಮೊದಲ ರೋಗಿಯ ಮಾತನ್ನು ಪೂರ್ತಿಯಾಗಿ ಕೇಳಿ.